ಪುಸ್ತಕ ಚೆನ್ನಾಗಿದೆ ಎಂದರೆ ಸಾಕೇ?



“ಈ ಪುಸ್ತಕ ತುಂಬಾ ಚೆನ್ನಾಗಿದೆ, ನೀನೂ ಓದು.” ಈ ಮಾತನ್ನು ನೀವು ಎಷ್ಟು ಸಲ ಹೇಳಿದ್ದೀರಿ? ಕೇಳಿದವರಿಗೆ ಅದರಿಂದ ಏನು ತಿಳಿಯಿತು? ಪುಸ್ತಕ ಯಾವುದರ ಬಗ್ಗೆ, ಅದು ತನಗೆ ಏಕೆ ಬೇಕು ಎಂಬುದೇನೂ ತಿಳಿಯಲಿಲ್ಲ. ಮಾವಿನಹಣ್ಣಾದರೆ ಚೆನ್ನಾಗಿದೆ ಎಂದರೆ ಸಾಕು, ತಿಂದು ನೋಡಲು ಎರಡು ನಿಮಿಷ. ಪುಸ್ತಕ ಹಾಗಲ್ಲ. ನಿಮ್ಮ ಮಾತು ನಂಬಿದವರು ವಾರಗಟ್ಟಲೆ ಅದರೊಂದಿಗೆ ಕೂರಬೇಕು. ಬೇಸರ ಬಂದರೆ ಮುಂದಿನ ಸಲ ಕಪಾಟಿನ ಹತ್ತಿರವೇ ಸುಳಿಯಲಿಕ್ಕಿಲ್ಲ.

ನಮ್ಮ ಕೊಕ್ಕರ್ಣೆಯಂಥ ಊರುಗಳಲ್ಲಿ ಈ ಪ್ರಶ್ನೆ ಇನ್ನೂ ದೊಡ್ಡದು. ಇಲ್ಲಿ ಸೀತಾ ನದಿಯಿದೆ, ಗದ್ದೆಯಿದೆ, ಅಡಿಕೆ ತೋಟವಿದೆ. ಪುಸ್ತಕದಂಗಡಿಗಳ ಸಾಲು ಮಾತ್ರ ಇಲ್ಲ. ಶಾಲೆಯ ಕಪಾಟು, ಪಂಚಾಯತಿಯ ಗ್ರಂಥಾಲಯ, ಗೆಳೆಯರ ಬಾಯಿಮಾತು ಇವೇ ನಮಗೆ ಆಧಾರ. ಹಾಗಾದರೆ ಎಂಥ ಪುಸ್ತಕವನ್ನು ಇನ್ನೊಬ್ಬರಿಗೆ ಓದಲು ಹೇಳಬೇಕು?

ನನ್ನ ಅಭಿಪ್ರಾಯ ಹೇಳುತ್ತೇನೆ. ವಿಜ್ಞಾನದ ಪುಸ್ತಕವಾದರೆ, ಅದರಲ್ಲಿ ಬರೆದದ್ದನ್ನು ನಾವೇ ಪರೀಕ್ಷಿಸಿ ನೋಡಲು ಅದು ದಾರಿ ಬಿಟ್ಟಿರಬೇಕು. ಎಲ್ಲವನ್ನೂ ನಾವು ಪರೀಕ್ಷಿಸಲಾರೆವು, ನಿಜ. ಸೂರ್ಯ ನಮ್ಮಿಂದ ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿದ್ದಾನೆ. ಟೇಪು ಹಿಡಿದು ಅಳೆಯುವವರು ಯಾರು? ಆದರೆ ಅದನ್ನು ವಿಜ್ಞಾನಿಗಳು ಹೇಗೆ ಅಳೆದರು ಎಂದಾದರೂ ಪುಸ್ತಕ ಹೇಳಬೇಕು. ಬರೀ ಅಂಕಿ ಹೇಳಿ ಮುಂದೆ ಹೋಗುವ ಪುಸ್ತಕ ರಸಪ್ರಶ್ನೆಗೆ ಆದೀತು, ಅಷ್ಟೆ. ಬಣ್ಣದ ಚಿತ್ರ, ದಪ್ಪ ರಟ್ಟು, ಪ್ರಶಸ್ತಿ, ಲೇಖಕರ ಪದವಿ ಇವೆಲ್ಲ ಆಮೇಲಿನ ಮಾತು.

ಇಂಥ ಪುಸ್ತಕ ಏನು ಮಾಡಬಲ್ಲದು ಎಂಬುದಕ್ಕೆ ಮೈಕೆಲ್ ಫ್ಯಾರಡೆಯ ಬಾಲ್ಯ ನೋಡಿ. ಕಮ್ಮಾರನ ಮಗನಾದ ಆತ 14ನೇ ವಯಸ್ಸಿಗೇ ಲಂಡನ್ನಿನ ಒಂದು ಅಂಗಡಿಯಲ್ಲಿ ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ ಕಲಿಯಲು ಸೇರಿದ. ಅಲ್ಲಿ ಅವನ ಕೈಗೆ ರಸಾಯನಶಾಸ್ತ್ರದ ಒಂದು ಪುಸ್ತಕ ಸಿಕ್ಕಿತು. 1806ರಲ್ಲಿ ಮೊದಲು ಅಚ್ಚಾದ ಆ ಪುಸ್ತಕದಲ್ಲಿ ಒಬ್ಬ ಶಿಕ್ಷಕಿ ಮತ್ತು ಇಬ್ಬರು ಹುಡುಗಿಯರು ಮಾತಾಡುತ್ತಾರೆ, ಪ್ರಯೋಗ ಮಾಡುತ್ತಾರೆ. ಬರೆದವರು ಜೇನ್ ಮಾರ್ಸೆಟ್ ಎಂಬ ಮಹಿಳೆ. ಮೊದಲ ಮುದ್ರಣದಲ್ಲಿ ಅವರ ಹೆಸರೂ ಇರಲಿಲ್ಲ! ಫ್ಯಾರಡೆ ಸುಮ್ಮನೆ ನಂಬಲಿಲ್ಲ. ಕೈಯಲ್ಲಿದ್ದ ಪುಡಿಗಾಸಿನಲ್ಲಿ ಸಾಮಾನು ತಂದು, ತನ್ನಿಂದಾದ ಪ್ರಯೋಗಗಳನ್ನು ಮಾಡಿ ನೋಡಿದ. ಪುಸ್ತಕ ಹೇಳಿದ್ದು ಸರಿಯಾಗಿತ್ತು. ವಿಜ್ಞಾನದಲ್ಲಿ ಅವನಿಗೆ ಧೈರ್ಯ ಬಂದದ್ದು ಹೀಗೆ. ಮುಂದೆ 1831ರಲ್ಲಿ, ಕಾಂತದ ಸಹಾಯದಿಂದ ತಂತಿಯಲ್ಲಿ ವಿದ್ಯುತ್ ಹುಟ್ಟಿಸಬಹುದೆಂದು ಆತ ತೋರಿಸಿಕೊಟ್ಟ. ನಮ್ಮ ಹೊಸಂಗಡಿಯ ವಾರಾಹಿ ವಿದ್ಯುತ್ ಕೇಂದ್ರ ನಡೆಯುವುದೂ ಅದೇ ತತ್ವದ ಮೇಲೆ.

ಇನ್ನು ತಪ್ಪು ಹೇಳುವ ಪುಸ್ತಕಗಳ ಕಥೆ. ಬಾವಲಿ ಕುರುಡು, ಚೀನಾದ ಮಹಾಗೋಡೆ ಚಂದ್ರನಿಂದ ಕಾಣುತ್ತದೆ ಎಂದೆಲ್ಲ ಬರೆದ ಪುಸ್ತಕಗಳು ಇವೆ. ಎರಡೂ ಸುಳ್ಳು. ಆದರೆ ಇವುಗಳಿಂದ ಯಾರ ಜೀವಕ್ಕೂ ಅಪಾಯವಿಲ್ಲ. ಹಾವಿನ ವಿಷಯ ಹಾಗಲ್ಲ.

ನಮ್ಮ ಗದ್ದೆಬದುಗಳಲ್ಲಿ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಇವೆ. ಹಾವು ಕಚ್ಚಿದರೆ ಮೇಲುಗಡೆ ಬಿಗಿಯಾಗಿ ಕಟ್ಟಿ, ಗಾಯವನ್ನು ಬ್ಲೇಡಿನಿಂದ ಕೊಯ್ದು, ವಿಷ ಹೀರಿ ಉಗುಳಿ ಎಂದು ಹಳೆಯ ಪುಸ್ತಕಗಳಲ್ಲಿ ಬರೆದಿರುತ್ತಿತ್ತು. ಇಂದಿನ ವೈದ್ಯರು ಇವು ಯಾವುದನ್ನೂ ಮಾಡಬಾರದು ಎನ್ನುತ್ತಾರೆ. ಏಕೆ? ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವುದನ್ನು ಕೆಡಿಸುತ್ತದೆ. ಕೊಯ್ದರೆ ರಕ್ತ ನಿಲ್ಲುವುದೇ ಇಲ್ಲ. ಬಿಗಿಯಾಗಿ ಕಟ್ಟಿದರೆ ರಕ್ತಸಂಚಾರ ನಿಂತು ಕೈಯೋ ಕಾಲೋ ಸಾಯಬಹುದು. ಬಾಯಲ್ಲಿ ಹೀರಿ ವಿಷ ತೆಗೆಯಲು ಆಗುವುದಿಲ್ಲ. ಕಚ್ಚಿದ ಭಾಗವನ್ನು ಅಲುಗಾಡಿಸದೆ, ಕಚ್ಚಿಸಿಕೊಂಡವರನ್ನು ನಡೆಸದೆ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಪ್ರತಿವಿಷದ ಚುಚ್ಚುಮದ್ದು ಇರುವುದು ಅಲ್ಲಿ. 2000ದಿಂದ 2019ರವರೆಗಿನ 20 ವರ್ಷಗಳಲ್ಲಿ ಭಾರತದಲ್ಲಿ ಸುಮಾರು 12 ಲಕ್ಷ ಜನ ಹಾವು ಕಚ್ಚಿ ಸತ್ತಿದ್ದಾರೆಂದು ಅಂದಾಜು. ಹಾಗಿರುವಾಗ, ಹಾವಿನ ಚಿತ್ರ ಚಂದವಿದೆ ಎಂದು ತಪ್ಪು ಚಿಕಿತ್ಸೆ ಬರೆದ ಪುಸ್ತಕವನ್ನು ಗೆಳೆಯನ ಕೈಗೆ ಕೊಡಬಹುದೇ?

ಹಳೆಯ ಪುಸ್ತಕಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿ ಎಂದು ನಾನು ಹೇಳುತ್ತಿಲ್ಲ. ಕೊಕ್ಕರ್ಣೆಯಿರುವ ಬ್ರಹ್ಮಾವರ ತಾಲ್ಲೂಕಿನಲ್ಲೇ ಕೋಟ ಇದೆ. ಅಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ಗಾಂಧೀಜಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟವರು. ವಿಜ್ಞಾನದ ಪದವಿ ಅವರಲ್ಲಿ ಇರಲಿಲ್ಲ. ಆದರೂ ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’, ಆಮೇಲೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ ಬರೆದರು. ಎರಡೂ ಮನುಷ್ಯ ಚಂದ್ರನ ಮೇಲಿಳಿದ 1969ಕ್ಕಿಂತ ಹಿಂದಿನವು. ಅವುಗಳಲ್ಲಿ ಇಂದಿನ ಸಂಗತಿಗಳನ್ನು ಹುಡುಕಿದರೆ ಸಿಗುವುದಿಲ್ಲ. ಆದರೆ ಕನ್ನಡದಲ್ಲಿ ವಿಜ್ಞಾನ ಹೇಳಲು ಪದಗಳೇ ಸಾಲದಿದ್ದ ಕಾಲದಲ್ಲಿ ಒಬ್ಬರೇ ಕೂತು ಇದನ್ನೆಲ್ಲ ಹೇಗೆ ಹೇಳಿದರು ಎಂದು ನೋಡುವುದಕ್ಕೇ ಓದಬೇಕು. ಹೀಗೆ ಹೇಳುವಾಗ ಪುಸ್ತಕದ ವರ್ಷವನ್ನೂ ಸೇರಿಸಿ ಹೇಳಿ. 2006ಕ್ಕಿಂತ ಮೊದಲಿನ ಪುಸ್ತಕದಲ್ಲಿ ಪ್ಲೂಟೋ ಒಂಬತ್ತನೇ ಗ್ರಹ. ಆ ವರ್ಷದಿಂದ ಅದು ಕುಬ್ಜ ಗ್ರಹ. ವರ್ಷ ಗೊತ್ತಿದ್ದರೆ ಓದುವವರಿಗೆ ಗಲಿಬಿಲಿಯಾಗುವುದಿಲ್ಲ.

ಕಥೆ ಪುಸ್ತಕಗಳ ವಿಷಯದಲ್ಲಿ ಏನು ಮಾಡಬೇಕು? ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ 1980ರಲ್ಲಿ ಬಂದ ಕಾದಂಬರಿ. ಏಳನೆಯ ತರಗತಿಯವರಿಗೆ ಅಲ್ಲಲ್ಲಿ ಕಷ್ಟವಾದೀತು, ಆದರೂ ನಾನು ಧೈರ್ಯವಾಗಿ ಓದಿ ಎನ್ನುತ್ತೇನೆ. ಅದರಲ್ಲಿ ಒಬ್ಬ ವಿಜ್ಞಾನಿ, ಜೇನು ಹಿಡಿಯುವ ಮಂದಣ್ಣನಂಥವನ ಕಣ್ಣನ್ನು ನಂಬಿ, ಹಾರುವ ಓತಿಯನ್ನು ಹುಡುಕುತ್ತ ಕಾಡಿಗೆ ಹೋಗುತ್ತಾನೆ. ಕೊನೆಗೆ ಏನಾಗುತ್ತದೆ ಎಂದು ನಾನು ಹೇಳುವುದಿಲ್ಲ. ನೀವೂ ಯಾರಿಗೂ ಹೇಳಬೇಡಿ, ಕಥೆಯ ಕೊನೆ ಹೇಳಿಬಿಡುವಷ್ಟು ಕೆಟ್ಟ ಅಭ್ಯಾಸ ಇನ್ನೊಂದಿಲ್ಲ! ಕಾದಂಬರಿಯಲ್ಲಿ ಆ ಓತಿ ಕಾಲದ ಆಳದಿಂದ ಬಂದ ಅಪೂರ್ವ ಜೀವಿ. ನಿಜವಾದ ಹಾರುವ ಓತಿ ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಅಡಿಕೆ ತೋಟಗಳಲ್ಲಿ ಇಂದಿಗೂ ಇದೆ. ಅದು ಹಕ್ಕಿಯಂತೆ ರೆಕ್ಕೆ ಬಡಿಯುವುದಿಲ್ಲ. ಪಕ್ಕೆಲುಬುಗಳನ್ನು ಅಗಲಿಸಿ, ನಡುವಿನ ಚರ್ಮವನ್ನು ಹಾಸಿಕೊಂಡು ಒಂದು ಮರದಿಂದ ಇನ್ನೊಂದಕ್ಕೆ ತೇಲುತ್ತದೆ. ಪುಸ್ತಕ ಮುಗಿಸಿದ ಮೇಲೆ ತೋಟಕ್ಕೆ ಹೋದಾಗ ನಿಮ್ಮ ಕಣ್ಣು ತಾನಾಗಿ ಮರದ ಬೊಡ್ಡೆಯ ಮೇಲೆ ಹೋಗದಿದ್ದರೆ ಹೇಳಿ.

ಒಂದು ಕೆಲಸ ಮಾಡಿ. ಮುಂದಿನ ಪುಸ್ತಕ ಹಿಂತಿರುಗಿಸುವಾಗ ಅರ್ಧ ಹಾಳೆಯ ಚೀಟಿಯೊಂದನ್ನು ಹಿಂಬದಿಯ ರಟ್ಟಿನೊಳಗೆ ಇಡಿ. ‘ಚೆನ್ನಾಗಿದೆ’ ಎಂಬ ಪದವನ್ನು ಬಳಸಲೇಬೇಡಿ. ಪುಸ್ತಕ ಅಚ್ಚಾದ ವರ್ಷ ಬರೆಯಿರಿ. ಅದನ್ನು ಓದಿ ನೀವು ಹೊರಗೆ ಹೋಗಿ ಏನು ನೋಡಿದಿರಿ, ಅಥವಾ ಏನು ಮಾಡಿದಿರಿ? ಪುಟಸಂಖ್ಯೆ ಸಹಿತ ಬರೆಯಿರಿ. ನೀವು ನೋಡಿದ್ದು ಪುಸ್ತಕದಲ್ಲಿ ಇದ್ದಂತೆ ಇಲ್ಲದಿದ್ದರೆ ಅದನ್ನೂ ಬರೆಯಿರಿ. ಅಂಥ ಚೀಟಿಯೇ ಮುಂದಿನವರಿಗೆ ಹೆಚ್ಚು ಕುತೂಹಲ ಹುಟ್ಟಿಸೀತು. ಆ ಚೀಟಿಯ ಕೆಳಗೆ ಇನ್ನೊಬ್ಬರು ‘ನಾನೂ ನೋಡಿದೆ, ಪುಸ್ತಕದ್ದೇ ಸರಿ’ ಎಂದು ಬರೆದರೆ ಇಬ್ಬರೂ ಒಟ್ಟಿಗೆ ಹೋಗಿ ಇನ್ನೊಮ್ಮೆ ನೋಡಿ ಬನ್ನಿ.

ಹಾವಿನ ಪುಟವನ್ನು ಮಾತ್ರ ನೀವೇ ಪರೀಕ್ಷಿಸಲು ಹೋಗಬೇಡಿ. ಆ ಪುಸ್ತಕವನ್ನು ಶಿಕ್ಷಕರ ಜೊತೆ ಆರೋಗ್ಯ ಕೇಂದ್ರಕ್ಕೆ ಒಯ್ದು ವೈದ್ಯರಿಗೆ ತೋರಿಸಿ.