ನಾಯಿಗಾಗಿ ಅಳುವುದು ತಪ್ಪೇ?

“ಸತ್ತದ್ದು ನಾಯಿ ತಾನೇ? ಇನ್ನೊಂದು ಮರಿ ತಂದರಾಯಿತು!” ನಮ್ಮ ಕರಿಯ ಸತ್ತ ದಿನ ನೆರೆಯವರು ಹೇಳಿದ ಸಮಾಧಾನವಿದು. ಹನ್ನೊಂದು ವರ್ಷ ನಮ್ಮ ಬಾಗಿಲು ಕಾಯ್ದವನು ಅವನು. ದಾವಣಗೆರೆಯ ನಮ್ಮ ಬಾಡಿಗೆ ಮನೆಗೆ ಹಿತ್ತಿಲಿಲ್ಲ. ಹರಿಹರಕ್ಕೆ ಒಯ್ದು, ಅವನು ಮರಿಯಾಗಿದ್ದಾಗ ಆಡಿದ ಅಜ್ಜಿಯ ಮನೆಯ ಬೇವಿನ ಮರದ ಬುಡದಲ್ಲಿ ಮಣ್ಣು ಮಾಡಿದೆವು. ಅಪ್ಪ ಅಂದು ಊಟ ಮಾಡಲಿಲ್ಲ. ಕೇಳಿದವರಿಗೆ ಮಾತ್ರ “ಹಸಿವಿಲ್ಲ” ಎಂದರು.

ಇದರಲ್ಲಿ ನಾಚುವುದೇನಿದೆ? ಸಾವಿರ ವರ್ಷಗಳ ಹಿಂದೆಯೇ ಕನ್ನಡಿಗರು ನಾಯಿಗಾಗಿ ಕಲ್ಲು ನಿಲ್ಲಿಸಿದ್ದಾರೆ. ಕ್ರಿ.ಶ. 949ರ ಸುಮಾರಿನಲ್ಲಿ ನಡೆದ ತಕ್ಕೋಲದ ಕಾಳಗದಲ್ಲಿ ಮೆರೆದ ಮಣಲೆರನು ಗಂಗರ ಬೂತುಗನಿಂದ ಬೇಡಿ ಪಡೆದುದು ಕಾಳಿ ಎಂಬ ಬೇಟೆನಾಯಿಯನ್ನು! ಅದು ಕಾಡುಹಂದಿಯೊಡನೆ ಹೋರಾಡಿ ಮಡಿದಾಗ ಆತಕೂರಿನಲ್ಲಿ ಕಲ್ಲು ನೆಟ್ಟು, ಭೂಮಿ ಬಿಟ್ಟರು. ಆ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ ಪಾಪ ತಟ್ಟುವುದೆಂದು ಶಾಸನವೇ ಸಾರುತ್ತದೆ. ಆ ಶಿಲೆ ಇಂದು ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ.

ಮಿತ್ರರೇ, ಹೊಸ ಮರಿ ತರುವುದು ತಪ್ಪಲ್ಲ. ಹಳೆಯದನ್ನು ಮರೆಯಲೆಂದೇ ತರುವುದು ಸಲ್ಲದೆಂಬುದು ನನ್ನ ಅಭಿಪ್ರಾಯ. ಉಂಡ ಅನ್ನದ ಋಣವನ್ನು ನಾಯಿ ತೀರಿಸುತ್ತದೆ. ಅದರ ಋಣವನ್ನು ನಾವು ತೀರಿಸಲು ಇರುವುದು ಕಣ್ಣೀರೊಂದೇ. ಈ ಕಾಳಿಯ ಕಥೆಯನ್ನು ನಾನು ಅಪ್ಪನಿಗೆ ಹೇಳಿದೆ. ಅವರು ಕರಿಯನ ಹೆಸರೆತ್ತಿ ಮಾತನಾಡಿದ್ದು ಅಂದೇ ಮೊದಲು.