ಆಳದಲ್ಲಿ ಉಸಿರಿನ ಆಧಾರ
ಕಡಲಾಳಕ್ಕಿಳಿಯುವವನ ಪ್ರಾಣಕ್ಕೇ ಆಧಾರವಾದ ರೆಗ್ಯುಲೇಟರು ಸಮತೋಲಿತವೋ ಅಸಮತೋಲಿತವೋ ಎಂದು ವಿಚಾರಿಸದೆ, ಬೆಲೆಯೊಂದನ್ನೇ ನೋಡಿ ಕೊಳ್ಳುವ ಪ್ರವೃತ್ತಿ ನನ್ನಲ್ಲಿ ಕಳವಳವನ್ನುಂಟುಮಾಡುತ್ತದೆ. 1943ರಲ್ಲಿ ಕುಸ್ತೋ ಮತ್ತು ಗಾನ್ಯಾನ್ ಎಂಬ ಫ್ರೆಂಚರು ರೂಪಿಸಿದ ಈ ಉಪಕರಣದ ಇಂದಿನ ರೂಪದಲ್ಲಿ, ಮೊದಲ ಹಂತವು ಸಿಲಿಂಡರಿನೊಳಗೆ ಸುಮಾರು 200 ಬಾರ್ ಒತ್ತಡದಲ್ಲಿರುವ ಗಾಳಿಯನ್ನು, ಸುತ್ತಣ ನೀರಿನ ಒತ್ತಡಕ್ಕಿಂತ ಸುಮಾರು 10 ಬಾರ್‌ನಷ್ಟು ಮಾತ್ರ ಅಧಿಕವಾಗಿರುವಂತೆ ಇಳಿಸುತ್ತದೆ.

ಅಸಮತೋಲಿತ ಪಿಸ್ಟನ್ ರಚನೆಯಲ್ಲಿ ಸಿಲಿಂಡರಿನ ಒತ್ತಡವೇ ಕವಾಟವನ್ನು ತೆರೆಯಲು ನೆರವಾಗುವುದರಿಂದ, ಗಾಳಿ ಕ್ಷಯಿಸಿದಂತೆಲ್ಲ ಆ ನೆರವೂ ಕ್ಷೀಣಿಸಿ ಉಸಿರಾಟ ಪ್ರಯಾಸಕರವಾಗುತ್ತದೆ. 30 ಮೀಟರ್ ಆಳದಲ್ಲಿ ಪ್ರತಿ ಉಸಿರಿಗೂ ಮೇಲ್ಮೈಯಲ್ಲಿ ಬೇಕಾದುದರ ನಾಲ್ಕು ಪಟ್ಟು ಗಾಳಿ ಹರಿಯಬೇಕಾಗಿರುವಾಗ, ಅದರಲ್ಲಿಯೂ ದಣಿದ ಸಂಗಾತಿಯೊಬ್ಬನು ಅದೇ ಸಿಲಿಂಡರನ್ನು ಆಶ್ರಯಿಸಿದಾಗ, ಈ ಕೊರತೆ ಎಂಥ ಧೀರನನ್ನೂ ಕಂಗೆಡಿಸಬಲ್ಲುದು. ಸಮತೋಲಿತ ರಚನೆಯಲ್ಲಾದರೋ ಕವಾಟದ ಮೇಲಣ ಆ ಒತ್ತಡ ಸರಿದೂಗಿಸಲ್ಪಟ್ಟಿರುವುದರಿಂದ, 50 ಬಾರ್ ಉಳಿದಿರುವಾಗಲೂ ಉಸಿರು ಬಹುಮಟ್ಟಿಗೆ ಮೊದಲಿನಂತೆಯೇ ಸಾಗುತ್ತದೆ.

ಹಾಗೆಂದು ಸರಳವಾದ ಅಸಮತೋಲಿತ ರಚನೆಯನ್ನು ತುಚ್ಛವಾಗಿ ಕಾಣಲಾಗದು. ನೇತ್ರಾಣಿ ದ್ವೀಪದ ಸುತ್ತಣ ಆಳವಿಲ್ಲದ ನೀರಿನಲ್ಲಿ ಮೊದಲ ಸಲ ಮುಳುಗುವವರಿಗೆ, ಬಿಡಿಭಾಗಗಳು ಕಡಿಮೆಯಿರುವ ಈ ದೃಢವಾದ ರೆಗ್ಯುಲೇಟರು, ಕಾಲಕಾಲಕ್ಕೆ ಸರ್ವಿಸ್ ಆಗುತ್ತಿದ್ದರೆ, ಧಾರಾಳವಾಗಿ ಸಾಕು. ಆದರೆ 20 ಮೀಟರನ್ನು ಮೀರಿ ಇಳಿಯುವವರಿಗೆ ಬಾಡಿಗೆಗೆ ಕೊಡುವವರು ಸಮತೋಲಿತವನ್ನೇ ಕೊಡತಕ್ಕದ್ದು, ಕೊಟ್ಟುದು ಯಾವುದೆಂಬುದನ್ನು ದೋಣಿ ಹತ್ತುವ ಮೊದಲೇ ತಿಳಿಸತಕ್ಕದ್ದು.