ಈಜಿಪ್ಟಿನ ದೇವರುಗಳಿಗೆ ಹೊಸ ಭಕ್ತರು

2011ರ ನವೆಂಬರ್ 11ರಂದು ಗೀಜಾದ ಮಹಾ ಪಿರಮಿಡ್ಡಿನ ಒಳಗೆ ಪ್ರವಾಸಿಗರನ್ನು ಬಿಡಲಿಲ್ಲ. 11-11-11 ಎಂಬ ಅಂಕಿಗಳಲ್ಲಿ ದೈವೀ ಅರ್ಥ ಕಂಡವರು ಅಂದು ಅಲ್ಲಿ ವಿಶೇಷ ವಿಧಿಗಳನ್ನು ನಡೆಸಲಿದ್ದಾರೆ ಎಂಬ ಸುದ್ದಿ ಈಜಿಪ್ಟಿನಲ್ಲಿ ಹಬ್ಬಿ, ವಿರೋಧ ಎದ್ದಿತ್ತು. ಪ್ರಾಚ್ಯವಸ್ತು ಇಲಾಖೆ ದುರಸ್ತಿ ಕೆಲಸದ ಕಾರಣ ಹೇಳಿತು. ಪೂಜಿಸುವವರು ಇಲ್ಲವಾಗಿ ಸುಮಾರು ಒಂದೂವರೆ ಸಾವಿರ ವರ್ಷ ಕಳೆದ ಧರ್ಮವೊಂದರ ಸಂಕೇತಗಳನ್ನು ಇಂದಿನವರು ಎತ್ತಿಕೊಂಡು ಸಾಧನೆಗೆ ಬಳಸಬಹುದೇ? ಬಳಸಿದರೆ ಆ ಸಾಧನೆಯನ್ನು ಈಜಿಪ್ಟಿನದು ಎನ್ನಬಹುದೇ? ಇವು ಎರಡು ಬೇರೆ ಪ್ರಶ್ನೆಗಳು. ಮೊದಲನೆಯದಕ್ಕೆ ಹೌದು ಎನ್ನುವುದು ಸುಲಭ. ತೊಡಕಿರುವುದು ಎರಡನೆಯದರಲ್ಲಿ.

ಅಂಕ್, ಹೋರಸ್‌ನ ಕಣ್ಣು, ಸ್ಕ್ಯಾರಬ್ ಜೀರುಂಡೆ ಇಂದು ಪದಕಗಳಲ್ಲಿ, ಹಚ್ಚೆಗಳಲ್ಲಿ, ಧ್ಯಾನದ ಕೋಣೆಗಳಲ್ಲಿ ಕಾಣುತ್ತವೆ. ಅಂಕ್ ಎಂದರೆ ಜೀವ. ದೇವಾಲಯದ ಗೋಡೆಗಳಲ್ಲಿ ದೇವತೆಗಳು ಅದನ್ನು ರಾಜನ ಮೂಗಿನ ಬಳಿ ಹಿಡಿದು ಉಸಿರು ಕೊಡುತ್ತಾರೆ. ಹೋರಸ್ ದೇವರ ಕಣ್ಣು ಸೆತ್ ದೇವರೊಂದಿಗಿನ ಕಾದಾಟದಲ್ಲಿ ಗಾಯಗೊಂಡು ಮತ್ತೆ ವಾಸಿಯಾದದ್ದು. ಆದ್ದರಿಂದಲೇ ಅದನ್ನು ತಾಯಿತವಾಗಿ ಕಟ್ಟುತ್ತಿದ್ದರು, ಮಮ್ಮಿಗಳ ಬಟ್ಟೆಯ ಸುತ್ತಿನಲ್ಲೂ ಇಡುತ್ತಿದ್ದರು. ಸಗಣಿಯ ಉಂಡೆ ಉರುಳಿಸುವ ಜೀರುಂಡೆಯಲ್ಲಿ ಪ್ರಾಚೀನ ಈಜಿಪ್ಟಿನವರು ಮೂಡುವ ಸೂರ್ಯನನ್ನು ಕಂಡರು. ಇವೆಲ್ಲ ಗುಟ್ಟಿನ ಚಿಹ್ನೆಗಳಲ್ಲ. ಹಳ್ಳಿಯ ಹೆಂಗಸರು, ಮಕ್ಕಳು, ಕಲ್ಲುಕುಟಿಗರು ಮೈಮೇಲೆ ಹಾಕಿಕೊಂಡ ವಸ್ತುಗಳು.

ಹಾಗಾದರೆ ಗುಟ್ಟಿನ ಈಜಿಪ್ಟ್ ಎಲ್ಲಿಂದ ಬಂತು? ಅಲ್ಲಿನ ಲಿಪಿಯ ಓದು ನಿಂತುಹೋದ ಕಾಲದಿಂದ. ನಮಗೆ ತಿಳಿದಿರುವ ಕೊನೆಯ ಚಿತ್ರಲಿಪಿ ಶಾಸನ ಕ್ರಿ.ಶ. 394ರದು, ನೈಲ್ ನದಿಯ ಫೈಲೇ ದ್ವೀಪದ ದೇವಾಲಯದಲ್ಲಿದೆ. ಆರನೆಯ ಶತಮಾನದಲ್ಲಿ ಚಕ್ರವರ್ತಿ ಜಸ್ಟಿನಿಯನ್ ಆ ದೇವಾಲಯವನ್ನೂ ಮುಚ್ಚಿಸಿದ. ಅಲ್ಲಿಂದ 1822ರಲ್ಲಿ ಫ್ರಾನ್ಸಿನ ಶಾಂಪೋಲಿಯನ್ ಲಿಪಿಯನ್ನು ಬಿಡಿಸುವವರೆಗೆ ಆ ಗೋಡೆಗಳನ್ನು ಸರಿಯಾಗಿ ಓದಬಲ್ಲವರು ಇರಲಿಲ್ಲ. ಆ ದೀರ್ಘ ಮೌನವನ್ನು ಯುರೋಪು ತನ್ನ ಕಲ್ಪನೆಯಿಂದ ತುಂಬಿತು. 1419ರಲ್ಲಿ ಗ್ರೀಸಿನ ಆಂಡ್ರೋಸ್ ದ್ವೀಪದಲ್ಲಿ ಹೋರಾಪೋಲೋ ಹೆಸರಿನ ಹಸ್ತಪ್ರತಿಯೊಂದು ಸಿಕ್ಕಿತು. ಪ್ರತಿಯೊಂದು ಚಿತ್ರಲಿಪಿಯೂ ಗೂಢ ತತ್ತ್ವದ ಸಂಕೇತ ಎಂಬ ನಂಬಿಕೆಗೆ ಅದು ಬಲ ಕೊಟ್ಟಿತು. 1463ರಲ್ಲಿ ಫ್ಲಾರೆನ್ಸಿನ ಮಾರ್ಸಿಲಿಯೋ ಫಿಚಿನೋ ಪ್ಲೇಟೋನ ಅನುವಾದವನ್ನು ಬದಿಗಿಟ್ಟು, ಹರ್ಮೆಸ್ ಟ್ರಿಸ್ಮೆಜಿಸ್ಟಸ್ ಎಂಬ ಋಷಿಯದೆಂದು ನಂಬಲಾದ ಗ್ರಂಥಗಳನ್ನು ಲ್ಯಾಟಿನ್ನಿಗೆ ತಂದ. ಅವು ಮೋಸೆಸನ ಕಾಲದಷ್ಟು ಹಳೆಯವೆಂದು ವಿದ್ವಾಂಸರು ಭಾವಿಸಿದ್ದರು. 1614ರಲ್ಲಿ ಐಸಾಕ್ ಕಸೋಬೋನ್ ಅವುಗಳ ಗ್ರೀಕ್ ಭಾಷೆಯನ್ನು ಪರಿಶೀಲಿಸಿ, ಅವು ಕ್ರಿಸ್ತನ ನಂತರದ ಬರಹಗಳೆಂದು ತೋರಿಸಿದ. ಆ ಗ್ರಂಥಗಳಲ್ಲಿ ಈಜಿಪ್ಟಿನ ಅಂಶ ಇಲ್ಲವೆಂದಲ್ಲ. ಆದರೆ ಅವು ಫೇರೋಗಳ ಕಾಲದ ಗುರುವಾಣಿಯಲ್ಲ.

ಇಂದು ಭವಿಷ್ಯ ಹೇಳಲು ಬಳಸುವ ಟ್ಯಾರೋ ಎಲೆಗಳ ಕಥೆ ಇನ್ನೂ ನೇರವಾದದ್ದು. ಅವು ಹದಿನೈದನೆಯ ಶತಮಾನದ ಉತ್ತರ ಇಟಲಿಯಲ್ಲಿ ಆಟಕ್ಕಾಗಿ ಹುಟ್ಟಿದವು. 1781ರಲ್ಲಿ ಪ್ಯಾರಿಸ್ಸಿನ ಕೂರ್ ದ ಜೆಬೆಲಾಂ ಅವು ಈಜಿಪ್ಟಿನ ಪುರೋಹಿತರು ಅಡಗಿಸಿಟ್ಟ ಜ್ಞಾನಗ್ರಂಥ ಎಂದು ಬರೆದ. ಆಗ ಈಜಿಪ್ಟಿನ ಒಂದು ಸಾಲನ್ನೂ ಓದಬಲ್ಲವರು ಜಗತ್ತಿನಲ್ಲಿ ಇರಲಿಲ್ಲ. ಆ ಮಾತು ಮಾತ್ರ ಉಳಿದುಕೊಂಡಿತು. 1944ರಲ್ಲಿ ಗೂಢವಿದ್ಯೆಯ ಸಾಧಕ ಅಲೀಸ್ಟರ್ ಕ್ರೌಲಿ ತನ್ನ ಟ್ಯಾರೋ ಕೃತಿಗೆ ಈಜಿಪ್ಟಿನ ಥೋಥ್ ದೇವರ ಹೆಸರನ್ನೇ ಇಟ್ಟ.

ಲಿಪಿ ಬಿಡಿಸಿದ ಮೇಲೂ ಹಳೆಯ ಕಲ್ಪನೆ ಸಡಿಲಾಗಲಿಲ್ಲ. 1877ರಲ್ಲಿ ಮೇಡಂ ಬ್ಲಾವಟ್‌ಸ್ಕಿ ತಮ್ಮ ಮೊದಲ ಬೃಹತ್ ಕೃತಿಯ ಶೀರ್ಷಿಕೆಗೆ ಐಸಿಸ್ ದೇವಿಯ ಹೆಸರನ್ನು ಆರಿಸಿಕೊಂಡರು. ಅವರ ಥಿಯೊಸಾಫಿಕಲ್ ಸೊಸೈಟಿ 1882ರಲ್ಲಿ ಮದರಾಸಿನ ಅಡ್ಯಾರಿಗೆ ನೆಲೆ ಬದಲಿಸಿತು. 1888ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಗೋಲ್ಡನ್ ಡಾನ್ ಎಂಬ ಗೂಢವಿದ್ಯೆಯ ಸಂಘದಲ್ಲಿ ಕವಿ ಯೇಟ್ಸ್ ಇದ್ದರು, ದೀಕ್ಷಾವಿಧಿಗಳಲ್ಲಿ ಈಜಿಪ್ಟಿನ ದೇವತೆಗಳಿದ್ದರು. 1904ರಲ್ಲಿ ಕ್ರೌಲಿ ಕೈರೋದ ವಸ್ತುಸಂಗ್ರಹಾಲಯದಲ್ಲಿ ಬಣ್ಣದ ಮರದ ಫಲಕವೊಂದನ್ನು ಕಂಡ. ಅದರ ಪ್ರದರ್ಶನ ಸಂಖ್ಯೆ 666, ಬೈಬಲ್ಲಿನಲ್ಲಿ ಮೃಗದ ಸಂಖ್ಯೆ. ಆತ ಕಟ್ಟಿದ ಥೆಲೆಮಾ ಪಂಥಕ್ಕೆ ಆ ಫಲಕ ಇಂದಿಗೂ ಕೇಂದ್ರ ಸಂಕೇತ. ಆದರೆ ಸಂಖ್ಯೆ ಕೊಟ್ಟದ್ದು ಸಂಗ್ರಹಾಲಯ. ಫಲಕ ಅಂಖ್-ಎಫ್-ಎನ್-ಖೊನ್ಸು ಎಂಬ ಪುರೋಹಿತನದು. ಸತ್ತ ಮೇಲೂ ತನಗೆ ಅನ್ನ, ಚಲನೆ ಸಿಗಲಿ ಎಂಬ ಮನುಷ್ಯನೊಬ್ಬನ ಆಸೆ ಅದರ ಹಿಂದಿದೆ. ಹೊಸ ಪಂಥದ ಸಂಕೇತವಾಗುವಾಗ ಮರೆಯಾದದ್ದು ಆ ಮನುಷ್ಯ.

ಸಂಕೇತಗಳು ಊರು ಬದಲಿಸುವುದು ತಪ್ಪಲ್ಲ. ಐಸಿಸ್ ದೇವಿಗೆ ನೈಲ್ ಕಾಣದ ರೋಮನ್ನರು ಪೊಂಪೈಯಲ್ಲಿ ಗುಡಿ ಕಟ್ಟಿದ್ದರು. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರು ಅಂಕ್‌ನ ಆಕಾರವನ್ನು ತಮ್ಮ ಶಿಲುಬೆಗೆ ಒಗ್ಗಿಸಿಕೊಂಡರು. ಇಂದು ಯಾರೋ ಅಂಕ್ ಹಿಡಿದು ಕೂತು ಸಾವಿನ ಭಯವನ್ನು ನೀಗಿಕೊಂಡರೆ ಅವರಿಗೆ ಸಿಕ್ಕ ನೆಮ್ಮದಿ ಸುಳ್ಳಾಗದು. ಆ ನೆಮ್ಮದಿಗೆ ಐದು ಸಾವಿರ ವರ್ಷಗಳ ಅಖಂಡ ಗುರುಪರಂಪರೆಯ ಮುದ್ರೆ ಒತ್ತುವುದು ಮಾತ್ರ ಸುಳ್ಳು. ಅದರಿಂದಾಗುವ ಹಾನಿಯೂ ಸಣ್ಣದಲ್ಲ, ಏಕೆಂದರೆ ಬದುಕಿದ್ದ ಈಜಿಪ್ಟಿನವರ ಧರ್ಮ ಕಣ್ಮರೆಯಾಗುವುದು ಅಲ್ಲಿಯೇ.

ಆ ಧರ್ಮ ದಿನದಿನದ ಸೇವೆಯ ಧರ್ಮ. ಮುಂಜಾನೆ ಪುರೋಹಿತ ಗರ್ಭಗುಡಿಯ ಬಾಗಿಲ ಮುದ್ರೆ ಒಡೆದು, ಮೂರ್ತಿಯನ್ನು ಶುಚಿಗೊಳಿಸಿ, ವಸ್ತ್ರ ಉಡಿಸಿ, ನೈವೇದ್ಯ ಇಡುತ್ತಿದ್ದ. ಅನಂತರ ಆ ಅನ್ನ ದೇವಾಲಯದವರ ಊಟವಾಗುತ್ತಿತ್ತು. ರಾಜರ ಸಮಾಧಿ ಕೊರೆಯುವ ಕೆಲಸಗಾರರ ಊರಾದ ದೇರ್ ಎಲ್-ಮದೀನಾದ ನೆಫೆರಾಬು ಎಂಬಾತ ಪ್ತಾ ದೇವರ ಮೇಲೆ ಸುಳ್ಳು ಆಣೆಯಿಟ್ಟು ಕಣ್ಣು ಕತ್ತಲಾಯಿತೆಂದು ತಪ್ಪೊಪ್ಪಿಕೊಂಡು ಕೆತ್ತಿಸಿದ ಕಲ್ಲು ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ಸತ್ತವರ ಪುಸ್ತಕದ 125ನೆಯ ಅಧ್ಯಾಯದಲ್ಲಿ ಸತ್ತವನ ಹೃದಯವನ್ನು ಸತ್ಯ, ನ್ಯಾಯಗಳ ದೇವತೆಯಾದ ಮಾಅತ್‌ನ ಗರಿಯ ಎದುರು ತೂಗುತ್ತಾರೆ. ಅವನು 42 ದೇವತೆಗಳ ಮುಂದೆ ಹೇಳಬೇಕಾದದ್ದು ತೀರ ಲೌಕಿಕ ಸಂಗತಿಗಳನ್ನು: ತಕ್ಕಡಿಯಲ್ಲಿ ಮೋಸ ಮಾಡಿಲ್ಲ, ಎಳೆಯರ ಬಾಯಿಂದ ಹಾಲು ಕಿತ್ತಿಲ್ಲ, ಹರಿಯುವ ನೀರಿಗೆ ಅಡ್ಡ ಕಟ್ಟಿಲ್ಲ. ಹೃದಯ ತನ್ನ ವಿರುದ್ಧ ಸಾಕ್ಷಿ ಹೇಳದಿರಲಿ ಎಂದು ಸ್ಕ್ಯಾರಬ್ ಮೇಲೆ ಮಂತ್ರ ಕೊರೆಸಿಕೊಂಡವರೂ ಅವರೇ. ಆದರ್ಶವೂ ಅಂಜಿಕೆಯೂ ಒಟ್ಟಿಗೇ ಇದ್ದವು. ಇಂದಿನ ಅನೇಕ ಕೈಪಿಡಿಗಳಲ್ಲಿ ಮಾಅತ್ ಬರಿಯ ಒಳಗಿನ ಸಮತೋಲನವಾಗಿದೆ; ತಕ್ಕಡಿ, ಹಾಲು, ಕಾಲುವೆಯ ನೀರು ಬಿಟ್ಟುಹೋಗಿವೆ. ನೆರೆಯವರಿಗೆ ಸಲ್ಲಬೇಕಾದ ನ್ಯಾಯವನ್ನು ಕಳೆದರೆ ಮಾಅತ್‌ನಲ್ಲಿ ಉಳಿಯುವುದು ಬಹಳ ಕಡಿಮೆ.

ಬೇರೆ ದಾರಿ ಹಿಡಿದವರೂ ಇದ್ದಾರೆ. 1904ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಡೊರೊಥಿ ಈಡಿ ಪೂರ್ವಜನ್ಮದಲ್ಲಿ ತಾವು ಪ್ರಾಚೀನ ಈಜಿಪ್ಟಿನ ಅಬಿಡೋಸ್ ದೇವಾಲಯದ ಸೇವಕಿಯಾಗಿದ್ದೆವೆಂದು ಬಾಳಿನುದ್ದಕ್ಕೂ ನಂಬಿದರು. ಈಜಿಪ್ಟಿಗೆ ಹೋಗಿ, ಲಿಪಿ ಕಲಿತು, ಪ್ರಾಚ್ಯವಸ್ತು ಇಲಾಖೆಯಲ್ಲಿ ಸೆಲೀಮ್ ಹಸನ್, ಅಹ್ಮದ್ ಫಖ್ರಿ ಅವರಂಥ ವಿದ್ವಾಂಸರ ಜೊತೆ ದುಡಿದರು. 1956ರಲ್ಲಿ ಅಬಿಡೋಸಿಗೇ ಹೋಗಿ ನೆಲೆಸಿ, 1981ರಲ್ಲಿ ಸಾಯುವವರೆಗೂ ಆ ಹಳ್ಳಿಯಲ್ಲೇ ಉಳಿದರು. ಊರವರಿಗೆ ಅವರು ಉಮ್ಮ್ ಸೆತಿ. ಪೂರ್ವಜನ್ಮದ ಮಾತನ್ನು ಒಪ್ಪದ ಪಂಡಿತರೂ ಅವರ ಭಾಷಾಜ್ಞಾನವನ್ನು, ಚಿತ್ರ ಬರೆಯುವ ಕೈಯನ್ನು ಗೌರವಿಸಿದರು. ಅಮೆರಿಕದಲ್ಲಿ 1988ರಲ್ಲಿ ಕೆಮೆಟಿಕ್ ಆರ್ಥೊಡಾಕ್ಸಿ ಎಂಬ, ಈಜಿಪ್ಟಿನ ದೇವರುಗಳನ್ನು ಪೂಜಿಸುವ ಪಂಥವನ್ನು ಸ್ಥಾಪಿಸಿದ ತಮಾರಾ ಸಿಯುಡಾ ಮುಂದೆ ವಿಶ್ವವಿದ್ಯಾಲಯದಲ್ಲಿ ಈಜಿಪ್ಟ್ ಅಧ್ಯಯನವನ್ನೇ ಓದಿದರು. ಈ ಇಬ್ಬರಿಗೂ ಓದು ಭಕ್ತಿಗೆ ಅಡ್ಡಿಯಾಗಲಿಲ್ಲ.

ಹಣ ಪಡೆದು ಈಜಿಪ್ಟಿನ ದೀಕ್ಷೆ ಕೊಡುವವರಿಂದ ಕಲಿಯುವವರು ಇಷ್ಟನ್ನಾದರೂ ಕೇಳಬೇಕು: ಈ ವಿಧಿಯ ಯಾವ ಸಾಲು ಪಪೈರಸ್ಸಿನದು, ಯಾವುದು ವಿಕ್ಟೋರಿಯಾ ಕಾಲದ ಲಂಡನ್ನಿನದು, ಯಾವುದನ್ನು ನೀವೇ ಬರೆದಿರಿ? ಮೂಲಗಳು ಅನುವಾದವಾಗಿ ಸಿಗುತ್ತಿರುವ ಈ ಕಾಲದಲ್ಲಿ ಉತ್ತರ ಕೊಡುವುದು ಕಷ್ಟವೇನಲ್ಲ. ತಾವೇ ಬರೆದದ್ದೆಂದು ಹೇಳುವ ಗುರುವನ್ನು ನಂಬಲು ಶಿಷ್ಯರಿಗೆ ಕಾರಣವಿದೆ. ಆ ಪ್ರಶ್ನೆಯನ್ನೇ ಅಪಚಾರವೆನ್ನುವವರ ಬಳಿ ಹಣ ಕೊಟ್ಟು ಕೂರಲು ಕಾರಣವಿಲ್ಲ.